ಬರೆಯದೆ ಬಿಟ್ಟ ವರ್ಷಗಳು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿ ದೊಡ್ಡದಾಗಿ ಬಳಸಿ ಹರಿಯುವ ಕಡೆ, ನಾವೂ ಎಂಬ ಸಣ್ಣ ಊರಿದೆ. 1870ರ ದಶಕದಲ್ಲಿ ಅಲ್ಲಿಯ ಒಬ್ಬ ರೈತ ಬರೆಯಲು ಕೂತ. ಹೆಸರು ಹೈನ್ರಿಕ್ ಲೀನ್‌ಹಾರ್ಡ್. ಹುಟ್ಟೂರು ಸ್ವಿಟ್ಜರ್ಲೆಂಡಿನ ಬಿಲ್ಟನ್, ವಯಸ್ಸು ಐವತ್ತು ದಾಟಿತ್ತು. ಹಳೆಯ ಜರ್ಮನ್ ಕೈಬರಹದಲ್ಲಿ ಬರೆಯುತ್ತ ಹೋದವನು ಲೇಖನಿ ಕೆಳಗಿಡುವ ಹೊತ್ತಿಗೆ ಸುಮಾರು ಸಾವಿರ ಪುಟಗಳಾಗಿದ್ದವು. ಬಾಲ್ಯ, ಊರು ಬಿಟ್ಟ ಬಗೆ, ಎತ್ತಿನ ಗಾಡಿಯಲ್ಲಿ ಖಂಡ ದಾಟಿದ್ದು, ಕ್ಯಾಲಿಫೋರ್ನಿಯಾ, ಚಿನ್ನ, ಎಲ್ಲವೂ ಅದರಲ್ಲಿದೆ. ಯಾವ ನದಿಯನ್ನು ಎಲ್ಲಿ ದಾಟಿದೆವು, ಯಾರು ಯಾರೊಡನೆ ಜಗಳವಾಡಿದರು ಎಂಬುದು ಕೂಡ ಇದೆ. 1850ಕ್ಕೆ ಬಂದು ಕಥೆ ನಿಂತುಬಿಡುತ್ತದೆ.

ಆಗ ಅವನಿಗೆ 28 ವರ್ಷ. ಮುಂದೆ ಅವನು ಇನ್ನೂ 53 ವರ್ಷ ಬದುಕಿದ. ಮದುವೆಯಾದ, ಮಕ್ಕಳಾದವು, ಹೊಲ ಕೊಂಡ, ಉತ್ತ, ಬಿತ್ತಿದ, ಕೊಯ್ದ. ಆ ಐವತ್ತಮೂರು ವರ್ಷಗಳ ಕಥೆಗೆ ಸಾವಿರ ಪುಟದ ಬರಹದಲ್ಲಿ ಜಾಗವಿಲ್ಲ.

ಸಾಹಸವನ್ನು ಬರೆಯುತ್ತಾರೆ, ಸಂಸಾರವನ್ನು ಯಾರು ಬರೆಯುತ್ತಾರೆ ಎಂದು ಇದನ್ನು ಸುಲಭವಾಗಿ ವಿವರಿಸಿಬಿಡಬಹುದು. ಆ ವಿವರಣೆ ತಪ್ಪೇನಲ್ಲ, ಆದರೆ ಸಾಲದು. ಅದು ಯಾಕೆ ಸಾಲದು ಎಂಬುದು ಅವನು ಬರೆದ ಪುಟಗಳಲ್ಲೇ ಒಂದರಲ್ಲಿದೆ. ಅಲ್ಲಿಗೆ ಬರುವ ಮುನ್ನ ಅವನ ಊರನ್ನು ನೋಡಬೇಕು.

ಸ್ವಿಟ್ಜರ್ಲೆಂಡ್ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಹಿಮದ ಬೆಟ್ಟ, ಕೊರಳಗಂಟೆಯ ಹಸು, ಗಡಿಯಾರ, ಚಾಕೊಲೇಟು, ಬ್ಯಾಂಕು. ಸಿನಿಮಾ ಹಾಡುಗಳು ಆ ಚಿತ್ರಕ್ಕೆ ಇನ್ನಷ್ಟು ಬಣ್ಣ ಬಳಿದಿವೆ. ಲೀನ್‌ಹಾರ್ಡ್ 1822ರಲ್ಲಿ ಹುಟ್ಟಿದ ನಾಡು ಹಾಗಿರಲಿಲ್ಲ. ಬಿಲ್ಟನ್ ಇರುವುದು ಗ್ಲಾರುಸ್ ಪ್ರಾಂತ್ಯದಲ್ಲಿ, ಲಿಂತ್ ನದಿಯ ಬಯಲಿನಲ್ಲಿ. ಒಂದು ತಲೆಮಾರಿನ ಹಿಂದೆ ಆ ಬಯಲು ಜೌಗು. ನದಿ ಉಕ್ಕಿ ಹೊಲಗಳ ಮೇಲೆ ನಿಲ್ಲುತ್ತಿತ್ತು, ಚಳಿಜ್ವರ ಮನೆಮನೆ ಹೊಗುತ್ತಿತ್ತು. ಹಾನ್ಸ್ ಕೊನ್ರಾಡ್ ಎಷರ್ ಎಂಬ ಝೂರಿಕ್‌ನವನ ಮುಂದಾಳುತನದಲ್ಲಿ 1807ರಲ್ಲಿ ಕಾಲುವೆ ತೋಡುವ ಕೆಲಸ ಶುರುವಾಗಿ, ಲಿಂತ್ ಹೊಸ ದಾರಿ ಹಿಡಿದ ಮೇಲೆಯೇ ನೆಲ ನೆಲವಾದದ್ದು. 1816ರ ಬೇಸಿಗೆಯಲ್ಲಿ ಬಿಸಿಲೇ ಬೀಳದೆ ಯೂರೋಪಿನ ಬೆಳೆ ಹೋಯಿತು. ಮರುವರ್ಷ ಪೂರ್ವ ಸ್ವಿಟ್ಜರ್ಲೆಂಡಿನ ಜನ ಹಸಿವಿನಿಂದ ಸತ್ತರು. ಮೂವತ್ತು ವರ್ಷಗಳ ಮೇಲೆ ಆಲೂಗಡ್ಡೆಗೆ ರೋಗ ತಗುಲಿ ಮತ್ತೆ ಅದೇ ಹಸಿವು. ಕೈಯಲ್ಲಿ ನೂಲುವವರ, ನೇಯುವವರ ಹೊಟ್ಟೆಯ ಮೇಲೆ ಯಂತ್ರ ಆಗಲೇ ಹೊಡೆದಿತ್ತು.

ಆ ಕಾಲದ ಸ್ವಿಸ್ ಹಳ್ಳಿಗಳು ಬಡವರನ್ನು ಸಾಕುವುದಕ್ಕಿಂತ ಹಡಗಿನ ಖರ್ಚು ಕೊಟ್ಟು ಕಳಿಸುವುದು ಅಗ್ಗ ಎಂದು ಲೆಕ್ಕ ಹಾಕಿದವು. ಗ್ಲಾರುಸ್‌ನಲ್ಲಿ ಇದಕ್ಕಾಗಿಯೇ ಸಂಘ ಕಟ್ಟಿಕೊಂಡರು. ಇಬ್ಬರನ್ನು ಮುಂದಾಗಿ ಕಳಿಸಿ ವಿಸ್ಕಾನ್ಸಿನ್‌ನಲ್ಲಿ 1200 ಎಕರೆ ಕೊಂಡರು. 1845ರ ಏಪ್ರಿಲ್‌ನಲ್ಲಿ ಸುಮಾರು ಇನ್ನೂರು ಜನ ದೋಣಿ ಹತ್ತಿದರು. ಕೊನೆಗೆ ಆ ನೆಲ ಮುಟ್ಟಿದವರು ನೂರು ಚಿಲ್ಲರೆ. ಅವರು ಕಟ್ಟಿದ ಊರು ನ್ಯೂ ಗ್ಲಾರುಸ್ ಈಗಲೂ ಇದೆ, ಗಿಣ್ಣಿಗೆ ಹೆಸರಾಗಿದೆ. ತನ್ನ ಮಕ್ಕಳನ್ನು ತಾನೇ ಸಾಗಹಾಕಿದ ನಾಡು ಇವತ್ತು ಹೊರಗಿನವರಿಗೆ ಬಾಗಿಲು ಎಷ್ಟು ತೆರೆಯಬೇಕು ಎಂದು ಮತ್ತೆ ಮತ್ತೆ ಮತ ಹಾಕುತ್ತದೆ. ಬಡತನವನ್ನು ಮರೆಯುವ ವೇಗದಲ್ಲಿ ದೇಶಗಳಿಗೂ ಮನುಷ್ಯರಿಗೂ ಹೆಚ್ಚು ವ್ಯತ್ಯಾಸವಿಲ್ಲವೇನೋ.

ಲೀನ್‌ಹಾರ್ಡ್ ಮಾತ್ರ ಹಾಗೆ ದೂಡಿಸಿಕೊಂಡು ಹೋದವನಲ್ಲ. ಅಪ್ಪನಿಗೆ ಹೊಲವಿತ್ತು, ಮಗ ಅಲ್ಲೇ ದುಡಿಯಲಿ ಎಂಬ ಆಸೆಯಿತ್ತು. ಮಗನ ತಲೆಯಲ್ಲಿ ಹುಡುಗನಾಗಿದ್ದಾಗಿನಿಂದ ಅಮೆರಿಕ ತುಂಬಿಕೊಂಡಿತ್ತು. ವರ್ಷಗಟ್ಟಲೆ ಜಗ್ಗಾಟ ನಡೆದು, ಕಡೆಗೆ ಅಪ್ಪ ಸೋತು, ಹೋಗಲೇಬೇಕೆಂದಿದ್ದರೆ ದೇವರ ಹೆಸರು ಹೇಳಿ ಹೋಗು ಎಂದ. ಒಪ್ಪಿಗೆಯಲ್ಲ, ಕೈಚೆಲ್ಲಿದ ಮಾತು ಅದು. ವಲಸೆಯ ಇತಿಹಾಸಗಳಲ್ಲಿ ಹಸಿವು, ಯುದ್ಧ, ಸಾಲ ಎಂದು ಕಾರಣ ಬರೆದಿರುತ್ತಾರೆ. ಮಗನಿಗೆ ಅಪ್ಪನ ಹೊಲ ಚಿಕ್ಕದಾಗಿ ಕಂಡಿತು ಎಂಬ ಕಾರಣಕ್ಕೆ ಅಲ್ಲಿ ಕಾಲಂ ಇರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಬಾಗಿಲು ಹಾಕಿರುವ ತೊಟ್ಟಿಮನೆಗಳನ್ನು ಕಂಡವರಿಗೆ ಅದರ ತೂಕ ಗೊತ್ತು.

1843ರಲ್ಲಿ ಹೊರಟವನು ನ್ಯೂ ಆರ್ಲಿಯನ್ಸ್ ಹಾದು, ನದಿಯ ಮೇಲೆ ಸಾಗಿ, ಸ್ವಿಸ್ಸರೇ ಕಟ್ಟಿದ್ದ ಹೈಲ್ಯಾಂಡ್ ಊರು ಸೇರಿದ. ಅಲ್ಲಿ ಇಲ್ಲಿ ಕೂಲಿನಾಲಿ ಮಾಡಿ ಮೂರು ವರ್ಷ ಕಳೆದ. 1846ರಲ್ಲಿ ನಾಲ್ವರು ಗೆಳೆಯರೊಡನೆ ಒಂದು ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟ. ಹೇಸ್ಟಿಂಗ್ಸ್ ಎಂಬವನು ಹೊಗಳಿದ ಒಳದಾರಿ ಹಿಡಿದು ಉಪ್ಪಿನ ಮರಳುಗಾಡು ದಾಟಿದರು. ಅದೇ ದಾರಿಯಲ್ಲಿ ಕೆಲವು ದಿನ ಹಿಂದೆ ಬರುತ್ತಿದ್ದ ಡಾನರ್ ಕುಟುಂಬದವರ ತಂಡ ಬೆಟ್ಟದ ಹಿಮದಲ್ಲಿ ಸಿಕ್ಕಿಬಿದ್ದು, ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಬದುಕಿದವರಲ್ಲಿ ಕೆಲವರು ಹೆಣ ತಿಂದು ಬದುಕಿದರು. ಲೀನ್‌ಹಾರ್ಡನಿಗೂ ಆ ಸಾವಿಗೂ ನಡುವೆ ಇದ್ದದ್ದು ಕೆಲವೇ ವಾರ. ಇದನ್ನು ದೈವ ಎನ್ನುವವರು ಎನ್ನಲಿ, ನನಗೆ ಅವನ ಗಾಡಿ ಹಗುರವಾಗಿತ್ತು ಅನಿಸುತ್ತದೆ. ಐವರು ಗಂಡಾಳುಗಳು, ಹೆಂಗಸರಿಲ್ಲ, ಮಕ್ಕಳಿಲ್ಲ. ಹಿಂದೆ ಬಂದವರು ಸಂಸಾರ ಹೊತ್ತುಕೊಂಡು ಬರುತ್ತಿದ್ದರು.

ಆ ಅಕ್ಟೋಬರ್‌ನಲ್ಲಿ ಅವನು ಸಟರನ ಕೋಟೆ ಮುಟ್ಟಿದ.

ಈ ಸಟರ್ ಎಂಬವನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಜಗತ್ತಿಗೆ ಗೊತ್ತಿರುವ ಸ್ವಿಸ್ ವಲಸಿಗ ಅವನೇ. ಯೋಹಾನ್ ಆಗಸ್ಟ್ ಸಟರ್ 1803ರಲ್ಲಿ ಜರ್ಮನಿಯ ಕಾಂಡರ್ನ್‌ನಲ್ಲಿ ಹುಟ್ಟಿದ, ಮನೆತನ ಬಾಸೆಲ್ ಸೀಮೆಯದು. 1826ರಲ್ಲಿ ಅನೆಟ್ ಡ್ಯೂಬೆಲ್ಡ್ ಎಂಬವಳನ್ನು ಮದುವೆಯಾದ. ಮಾರನೆಯ ದಿನವೇ ಹಿರಿಮಗ ಹುಟ್ಟಿದ. ಬುರ್ಗ್‌ಡಾರ್ಫ್‌ನಲ್ಲಿ ಬಟ್ಟೆ ಅಂಗಡಿ ಇಟ್ಟು, ಆಸ್ತಿವಂತ ಅತ್ತೆಯ ಹಣ ಕರಗಿಸಿ, ಸಾಲದಲ್ಲಿ ಮುಳುಗಿ, 1834ರಲ್ಲಿ ಜೈಲು ತಪ್ಪಿಸಿಕೊಳ್ಳಲು ಅಮೆರಿಕಕ್ಕೆ ಓಡಿದ. ಹೆಂಡತಿಯನ್ನೂ ಐದು ಮಕ್ಕಳನ್ನೂ ಸಾಲಗಾರರ ಎದುರು ಬಿಟ್ಟು ಹೋದ. (ಬಾಸೆಲ್ ಮಿಷನ್ನಿನವರು ಮೊದಲು ಮಂಗಳೂರಿಗೆ ಬಂದದ್ದೂ ಅದೇ ವರ್ಷ. ಹಂಚು, ಅಚ್ಚುಕೂಟ, ನಿಘಂಟುಗಳ ಮೂಲಕ ನಮಗೆ ಬಾಸೆಲ್ ಎಂಬ ಹೆಸರು ಪರಿಚಯವಾಯಿತು. ಅತ್ತ ಅದೇ ಸೀಮೆಯ ಇನ್ನೊಬ್ಬ ಹಡಗಿನಲ್ಲಿ ಕೂತು ತನಗೊಂದು ಹೊಸ ಪೂರ್ವಚರಿತ್ರೆ ಹೊಸೆಯುತ್ತಿದ್ದ.) ಫ್ರಾನ್ಸಿನ ರಾಜನ ಸ್ವಿಸ್ ಕಾವಲುಪಡೆಯಲ್ಲಿ ಕ್ಯಾಪ್ಟನ್ ಆಗಿದ್ದೆ ಎಂದು ಅಮೆರಿಕದಲ್ಲಿ ಹೇಳಿಕೊಂಡು ತಿರುಗಿದ. ಆಗಿರಲಿಲ್ಲ.

ಅವನು 1839ರಲ್ಲಿ ಕ್ಯಾಲಿಫೋರ್ನಿಯಾ ತಲುಪಿದಾಗ ಅದು ಮೆಕ್ಸಿಕೋದ ಪ್ರಾಂತ್ಯ. ಮೆಕ್ಸಿಕೋದ ಪ್ರಜೆಯಾಗಿ, 1841ರಲ್ಲಿ ಗವರ್ನರನಿಂದ ಹನ್ನೊಂದು ಚದರ ಹರದಾರಿ, ಎಂದರೆ ಸುಮಾರು 48,000 ಎಕರೆ ನೆಲ ಪಡೆದ. ಅದಕ್ಕೆ ನ್ಯೂ ಹೆಲ್ವೆಟಿಯಾ, ಹೊಸ ಸ್ವಿಟ್ಜರ್ಲೆಂಡ್ ಎಂದು ಹೆಸರಿಟ್ಟ. ಗೋಧಿ ಬಿತ್ತಿದ, ಸಾವಿರಾರು ದನ ಬೆಳೆಸಿದ, ಮಣ್ಣಿನ ಇಟ್ಟಿಗೆಯ ಕೋಟೆ ಕಟ್ಟಿದ, ಬಂದ ವಲಸಿಗರಿಗೆಲ್ಲ ಅನ್ನ ಇಕ್ಕಿದ. ಅವನ ಔದಾರ್ಯವನ್ನು ಹೊಗಳಿ ಬರೆದವರು ಬಹಳ. ಅದು ಸುಳ್ಳೂ ಅಲ್ಲ.

ಆ ಗೋಧಿಯನ್ನು ಬೆಳೆದವರು ಯಾರು? ನಿಸೆನಾನ್ ಮತ್ತು ಮಿವೋಕ್ ಜನ, ಆ ನದೀಕಣಿವೆಯ ಮೂಲನಿವಾಸಿಗಳು. 1833ರ ಜ್ವರದ ಪಿಡುಗು ಆಗಲೇ ಅವರ ಹಳ್ಳಿಗಳನ್ನು ಬರಿದು ಮಾಡಿತ್ತು. ಉಳಿದವರನ್ನು ಸಟರ್ ಒಲಿಸಿಯೋ ಬೆದರಿಸಿಯೋ ಕೆಲಸಕ್ಕೆ ಹಚ್ಚಿದ. ಕೂಲಿಗೆ ತಗಡಿನ ಬಿಲ್ಲೆ, ಆ ಬಿಲ್ಲೆ ನಡೆಯುವುದು ಅವನದೇ ಅಂಗಡಿಯಲ್ಲಿ. ಬರಲೊಪ್ಪದ ಹಳ್ಳಿಗಳ ಮೇಲೆ ಬಂದೂಕಿನವರು ಹೋಗುತ್ತಿದ್ದರು. ಅನಾಥ ಮಕ್ಕಳನ್ನು ಅವರಿವರಿಗೆ ಉಡುಗೊರೆಯಾಗಿ ಕೊಟ್ಟದ್ದೂ ಉಂಟು. ಊಟದ ಹೊತ್ತಿಗೆ ಮರದ ಉದ್ದನೆಯ ದೋಣಿಗಳಲ್ಲಿ ಗಂಜಿ ಸುರಿಯುತ್ತಿದ್ದರು. ಜನ ಮಂಡಿಯೂರಿ ಕೈಯಿಂದ ಬಾಚಿ ತಿನ್ನುತ್ತಿದ್ದರು. ಕೋಟೆಗೆ ಬಂದ ಪ್ರಯಾಣಿಕರು ಒಬ್ಬರಲ್ಲ, ಹಲವರು ಇದನ್ನು ಕಂಡು ಬರೆದಿದ್ದಾರೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಕೈ ಯಾರದು, ಬಾಯಿ ಯಾರದು ಎಂದು ಆ ಗಾದೆ ಕೇಳುವುದಿಲ್ಲ.

ನಾನು ಮೊದಲೇ ಹೇಳಿದ ಆ ಪುಟ ಬರುವುದು ಇಲ್ಲಿ. ಕೋಟೆಯಲ್ಲಿ ಲೀನ್‌ಹಾರ್ಡ್ ಹಲವು ಕೆಲಸ ಮಾಡಿದ. ಕೆಲಕಾಲ ಸೈನ್ಯ ಸೇರಿ ಬಂದ, ಸಟರನ ತೋಟ ನೋಡಿಕೊಂಡ, ಕೋಟೆಯ ಮೇಲ್ವಿಚಾರಣೆ ಮಾಡಿದ. ಮೇಲ್ವಿಚಾರಣೆ ಎಂದರೆ ಬೀಗದ ಕೈಯೂ ಸೇರಿತು. ದುಡಿಯುವ ಗಂಡಸರು ಹೆಂಗಸರು ರಾತ್ರಿ ತಮ್ಮ ಮನೆಗಳಿಗೆ ಹೋದರೆ ಬೆಳಗ್ಗೆ ಬಾರದೆ ಹೋದಾರೆಂದು ಅವರನ್ನು ಒಂದು ಕೋಣೆಗೆ ಹೊಗಿಸಿ ಬೀಗ ಹಾಕುತ್ತಿದ್ದರು. ಹಾಸಲು ಹುಲ್ಲಿಲ್ಲ, ಮಲವಿಸರ್ಜನೆಗೆ ಬೇರೆ ಜಾಗವಿಲ್ಲ. ಬರಿ ನೆಲದ ಮೇಲೆ ಎಲ್ಲರೂ ಒಟ್ಟಿಗೆ. ಆ ಬೀಗ ಹಾಕುವುದು ಲೀನ್‌ಹಾರ್ಡನ ಕೆಲಸವಾಗಿತ್ತು. ಬೆಳಗ್ಗೆ ಬಾಗಿಲು ತೆರೆದಾಗ ಒಳಗೆ ಹೇಗಿರುತ್ತಿತ್ತು ಎಂಬುದನ್ನೂ ಅವನು ಮುಚ್ಚಿಡುವುದಿಲ್ಲ.

ಇದನ್ನು ನಾವು ತಿಳಿದದ್ದು ಅವನಿಂದಲೇ. ಯಾವ ವಿಚಾರಣೆಯಲ್ಲೂ ಅವನನ್ನು ಯಾರೂ ಕೇಳಿರಲಿಲ್ಲ. ಮೂವತ್ತು ವರ್ಷ ಕಳೆದಿತ್ತು, ಎರಡು ಸಾವಿರ ಮೈಲಿ ದೂರವಿತ್ತು. ಆ ವಾಕ್ಯ ಬಿಟ್ಟಿದ್ದರೆ ಬಿಟ್ಟಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬೇರೆಯವರು ಬೀಗ ಹಾಕುತ್ತಿದ್ದರು ಎಂದು ಬರೆದಿದ್ದರೂ ನಂಬುತ್ತಿದ್ದೆವು. ಅವನು ಹಾಗೆ ಬರೆಯಲಿಲ್ಲ.

ಇದನ್ನು ಪಶ್ಚಾತ್ತಾಪವೆಂದು ನಾನು ಕರೆಯಲಾರೆ. ಅಸಹ್ಯಪಟ್ಟೆ ಎನ್ನುತ್ತಾನೆ, ಹೌದು, ಆದರೆ ಕೆಲಸ ಬಿಟ್ಟೆ ಎನ್ನುವುದಿಲ್ಲ. ಮೂಲನಿವಾಸಿಗಳ ಬಗ್ಗೆ ಅವನ ಮಾತು ಎಲ್ಲ ಕಡೆ ಮೃದುವೂ ಅಲ್ಲ, ಅವನ ಕಾಲದ ಬಿಳಿಯನ ಕಣ್ಣು ಅವನದೂ. ಆದರೂ ಆತ್ಮಚರಿತ್ರೆ ಬರೆಯಹೊರಟವರ ಸಾಮಾನ್ಯ ರೋಗವೊಂದು ಅವನಿಗೆ ತಗುಲಿರಲಿಲ್ಲ. ಕ್ರೌರ್ಯ ನಡೆಯಿತು ಎಂದು ಕರ್ಮಣಿ ಪ್ರಯೋಗದಲ್ಲಿ ಬರೆದು ಕರ್ತೃವನ್ನು ಕೈಬಿಡುವ ರೋಗ ಅದು. ಊರಿನ ಕೆರೆ ಒತ್ತುವರಿಯಾಯಿತು, ಆಳುಮಗನಿಗೆ ಕೂಲಿ ಬಾಕಿ ಉಳಿಯಿತು, ಅವಳನ್ನು ಮನೆಯಿಂದ ಕಳಿಸಲಾಯಿತು ಎನ್ನುತ್ತೇವೆ. ಒತ್ತಿದವರು, ಉಳಿಸಿಕೊಂಡವರು, ಕಳಿಸಿದವರು ವಾಕ್ಯದಿಂದ ಮೆಲ್ಲಗೆ ಎದ್ದು ಹೋಗಿರುತ್ತಾರೆ. ಲೀನ್‌ಹಾರ್ಡ್ ವಾಕ್ಯದೊಳಗೇ ಕೂತಿದ್ದಾನೆ, ಕೈಯಲ್ಲಿ ಬೀಗ ಹಿಡಿದು.

1848ರ ಜನವರಿ 24ರಂದು ಸಟರನ ಮರದ ಗಿರಣಿಗೆಂದು ಕೊಲೊಮಾದಲ್ಲಿ ತೋಡುತ್ತಿದ್ದ ಕಾಲುವೆಯಲ್ಲಿ ಚಿನ್ನ ಸಿಕ್ಕಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಆಳುಗಳು ಹೋದರು, ಗೋಧಿ ಹೊಲದಲ್ಲೇ ಒಣಗಿತು, ಬಂದವರು ದನ ಕಡಿದು ತಿಂದರು, ನೆಲ ಆಕ್ರಮಿಸಿದರು. ಸಟರ್ ಹಾಳಾದ. ಲೀನ್‌ಹಾರ್ಡನೂ ಚಿನ್ನ ತೊಳೆದ, ತಕ್ಕಮಟ್ಟಿಗೆ ಗಳಿಸಿದ. ಚಿನ್ನ ಬಂದು ಒಳ್ಳೆಯ ರೈತನೊಬ್ಬನನ್ನು ಹಾಳುಮಾಡಿತು ಎಂಬ ನೀತಿಕಥೆಯನ್ನು ಎಷ್ಟೋ ಪುಸ್ತಕಗಳು ಹೇಳಿವೆ. ಅದು ಅರ್ಧ ಕಥೆ. ಕೋಣೆಯೊಳಗಿದ್ದವರಿಗೆ ಚಿನ್ನ ತಂದದ್ದು ಅದಕ್ಕಿಂತ ಘೋರವಾದದ್ದು. 1846ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಂದಾಜು ಒಂದೂವರೆ ಲಕ್ಷ ಮೂಲನಿವಾಸಿಗಳಿದ್ದರು. ಕಾಲು ಶತಮಾನ ಕಳೆಯುವಷ್ಟರಲ್ಲಿ ಉಳಿದವರು ಮೂವತ್ತು ಸಾವಿರದ ಆಸುಪಾಸು.

ಸಟರನ ಹಿರಿಮಗ, ಅಪ್ಪನ ಹೆಸರೇ ಇಟ್ಟುಕೊಂಡ ಆಗಸ್ಟ್, 1848ರ ಶರತ್ಕಾಲದಲ್ಲಿ ಬಂದಿಳಿದ. ಅಪ್ಪ ಬಿಟ್ಟು ಹೋದಾಗ ಅವನು ಏಳು ವರ್ಷದ ಹುಡುಗ. ಈಗ 21ರ ತರುಣ. ಸಾಲಗಾರರ ಕೈಗೆ ಸಿಗದಿರಲೆಂದು ಅಪ್ಪ ಆಸ್ತಿಯನ್ನೆಲ್ಲ ಅವನ ಹೆಸರಿಗೆ ಬರೆದ. ಮಗ ಬೇರೆಯೇ ಮಾಡಿದ. ನದಿಯ ಬದಿಯ ನೆಲವನ್ನು ನಿವೇಶನಗಳಾಗಿ ಕೊಯ್ದು ಮಾರಿದ, ಸ್ಯಾಕ್ರಮೆಂಟೊ ಪಟ್ಟಣ ಹುಟ್ಟಿತು, ಬಂದ ಹಣದಲ್ಲಿ ಅಪ್ಪನ ಸಾಲ ತೀರಿಸಿದ. ರಷ್ಯನ್ನರ ಕೋಟೆಯೊಂದನ್ನು 30,000 ಡಾಲರಿಗೆ ಕೊಂಡು ಸಟರ್ ವರ್ಷಗಟ್ಟಲೆ ಸತಾಯಿಸಿದ್ದ ಬಾಕಿಯೂ ಅದರಲ್ಲಿ ತೀರಿತು. ಅಪ್ಪ ಮೆಚ್ಚಿದನೇ? ತನಗೆ ಬೇಕಾದ ಕಡೆ ಪಟ್ಟಣ ಕಟ್ಟಲಿಲ್ಲವೆಂದು ಸಿಡಿದುಬಿದ್ದ. ಅಪ್ಪನ ಸಾಲವನ್ನು ಮಗ ತೀರಿಸುವುದು ಋಣ ಎಂದು ನಮ್ಮಲ್ಲಿ ಹೇಳುತ್ತಾರೆ. ಏಳು ವರ್ಷದ ಮಗನಿಗೆ ಅಪ್ಪನ ಮೇಲಿದ್ದ ಋಣದ ಮಾತು ಅಷ್ಟಾಗಿ ಬರುವುದಿಲ್ಲ. ಆಗಸ್ಟ್ ಕಾಯಿಲೆ ಬಿದ್ದು, ಆಸ್ತಿ ಕಳೆದುಕೊಂಡು, ಮೆಕ್ಸಿಕೋಗೆ ಹೋಗಿ ಅಕಾಪುಲ್ಕೋದಲ್ಲಿ ಸಂಸಾರ ಹೂಡಿದ. ಸತ್ತದ್ದು 1897ರಲ್ಲಿ.

ಹೆಂಡತಿ ಮತ್ತು ಉಳಿದ ಮಕ್ಕಳನ್ನು ಸ್ವಿಟ್ಜರ್ಲೆಂಡಿನಿಂದ ಕರೆತರುವವರು ಯಾರು ಎಂಬ ಪ್ರಶ್ನೆ ಬಂತು. ಸಟರ್ ತಾನೇ ಹೋಗಲಿಲ್ಲ. ಬುರ್ಗ್‌ಡಾರ್ಫ್‌ನಲ್ಲಿ ಅವನಿಗೆ ಹಳೆಯ ಮುಖಗಳು ಕಾದಿದ್ದವು. ಲೀನ್‌ಹಾರ್ಡನನ್ನು ಕಳಿಸಿದರು. 1849ರ ಜೂನ್‌ನಲ್ಲಿ, ಇಡೀ ಜಗತ್ತು ಕ್ಯಾಲಿಫೋರ್ನಿಯಾದತ್ತ ನುಗ್ಗುತ್ತಿದ್ದಾಗ, ಈತ ಎದುರುಮುಖವಾಗಿ ಹೊರಟ. ಪನಾಮಾದಲ್ಲಿ ಆಗಿನ್ನೂ ರೈಲಿಲ್ಲ. ಹೇಸರಗತ್ತೆ, ದೋಣಿ, ಕೆಸರು, ಜ್ವರ. ಅದನ್ನು ದಾಟಿ ನ್ಯೂಯಾರ್ಕ್, ಅಲ್ಲಿಂದ ಯೂರೋಪು. ಮತ್ತೆ ಅದೇ ದಾರಿಯಲ್ಲಿ ವಾಪಸು, ಈ ಸಲ ನಡುವಯಸ್ಸಿನ ಒಬ್ಬ ಹೆಂಗಸು ಮತ್ತು ಅವಳ ಮಕ್ಕಳನ್ನು ಕಟ್ಟಿಕೊಂಡು.

ಹದಿನಾರು ವರ್ಷ ಅನೆಟ್ ಹೇಗಿದ್ದಳು ಎಂಬುದಕ್ಕೆ ದೊಡ್ಡ ದಾಖಲೆಯೇನಿಲ್ಲ. ಒಡಹುಟ್ಟಿದವರ ಆಸರೆಯಲ್ಲಿ, ಮುರಿದ ಅಂಗಡಿಯವನ ಹೆಂಡತಿ ಎನಿಸಿಕೊಂಡು, ಅದೇ ಊರಿನ ಅದೇ ಬೀದಿಗಳಲ್ಲಿ ಬದುಕಿದಳು. ಚಿಕ್ಕ ಮಗನೊಬ್ಬ ತೀರಿಕೊಂಡ. ಗಂಡ ಎಲ್ಲಿದ್ದಾನೆ, ಬದುಕಿದ್ದಾನೆಯೇ ಎಂಬುದೂ ಗೊತ್ತಿಲ್ಲದ ವರ್ಷಗಳಿದ್ದಿರಬೇಕು. ಅತ್ತ ಗಂಡ ತನ್ನ ನಾಡಿಗೆ ತಾನೇ ದೊರೆಯಾಗಿ ಫಿರಂಗಿ ಹಾರಿಸಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದ. ಬಿಟ್ಟು ಹೋದವನ ಬದುಕಿಗೆ ಕಥೆಯಾಗುವ ಯೋಗ, ಬಿಟ್ಟು ಹೋಗಿಸಿಕೊಂಡವಳ ಬದುಕಿಗೆ ಬರೀ ಕಾಲ ತಳ್ಳುವ ಪಾಡು. ನಮ್ಮ ಪುರಾಣಗಳಿಗೂ ಇದೇ ಚಟವಿದೆ. ವನವಾಸಕ್ಕೆ ಹೊರಟವನ ಹಿಂದೆ ಹೋದ ತಮ್ಮನ ಕಥೆ ಸರ್ಗ ಸರ್ಗ ಹಿಗ್ಗುತ್ತದೆ. ಅರಮನೆಯಲ್ಲಿ ಉಳಿದ ಊರ್ಮಿಳೆಯ ಹದಿನಾಲ್ಕು ವರ್ಷ ಕವಿಗೆ ನೆನಪಾಗುವುದಿಲ್ಲ.

1850ರ ಜನವರಿಯಲ್ಲಿ ಅವರು ಬಂದು ಸೇರಿದರು. ಫೆದರ್ ನದಿಯ ದಂಡೆಯ ಹಾಕ್ ಫಾರ್ಮ್ ಎಂಬ ತೋಟದಲ್ಲಿ ಸಂಸಾರ ಮತ್ತೆ ಒಂದಾಯಿತು. ಸಟರ್ ಅಲ್ಲಿ ದ್ರಾಕ್ಷಿ, ಹಣ್ಣಿನ ಮರ, ಗುಲಾಬಿ ಬೆಳೆಸಿ ನಿಜವಾದ ರೈತನಾದ, ತಡವಾಗಿಯಾದರೂ. 1865ರಲ್ಲಿ ಯಾರೋ ಬೆಂಕಿಯಿಟ್ಟು ಆ ಮನೆಯೂ ಸುಟ್ಟುಹೋಯಿತು. ಮುದುಕ ಮುದುಕಿ ಪೆನ್ಸಿಲ್ವೇನಿಯಾದ ಲಿಟಿಟ್ಸ್ ಎಂಬ ಊರು ಸೇರಿದರು. ಪ್ರತಿ ವರ್ಷ ಸಟರ್ ವಾಷಿಂಗ್ಟನ್ನಿಗೆ ಹೋಗಿ, ನನ್ನ ನೆಲ ಹೋಯಿತು, ಪರಿಹಾರ ಕೊಡಿ ಎಂದು ಕಾಂಗ್ರೆಸ್ಸಿನ ಬಾಗಿಲು ಬಡಿಯುತ್ತಿದ್ದ. 1880ರ ಜೂನ್‌ನಲ್ಲಿ ಕಾಂಗ್ರೆಸ್ಸು ಅವನ ಅರ್ಜಿಗೆ ಮತ ಹಾಕದೆಯೇ ಬರಖಾಸ್ತಾಯಿತು. ಎರಡು ದಿನಗಳಲ್ಲಿ ಅಲ್ಲಿನ ಹೋಟೆಲೊಂದರ ಕೋಣೆಯಲ್ಲಿ ಅವನು ಸತ್ತ. ಅನೆಟ್ ಏಳು ತಿಂಗಳು ಕಳೆದು ಹೋದಳು.

ಆ ಅರ್ಜಿಗಳಲ್ಲಿ ಅವನಿಗೆ ಬರಬೇಕಾದದ್ದರ ಲೆಕ್ಕ ಇತ್ತು, ಅವನು ಕೊಡಬೇಕಾದದ್ದರದು ಇರಲಿಲ್ಲ. ತಗಡಿನ ಬಿಲ್ಲೆಗೆ ದುಡಿದವರ ಬಾಕಿ ಯಾವ ಕಾಂಗ್ರೆಸ್ಸಿಗೂ ಹೋಗಲಿಲ್ಲ. ಅನ್ಯಾಯಕ್ಕೊಳಗಾದೆ ಎಂಬ ನೋವು ನಿಜವಾದದ್ದೇ ಆಗಿದ್ದರೂ, ಅದು ಮನುಷ್ಯನನ್ನು ಎಷ್ಟು ಕುರುಡು ಮಾಡಬಲ್ಲದು ಎಂಬುದಕ್ಕೆ ಸಟರನ ಕಡೆಯ ಮೂವತ್ತು ವರ್ಷಗಳನ್ನು ನೋಡಬೇಕು. ನೆಲ ಕಿತ್ತುಕೊಂಡರು ಎಂದು ಅವನು ಅಳುತ್ತಿದ್ದ ನೆಲ ಅವನ ಕೈಗೆ ಬಂದದ್ದು ಹೇಗೆಂದು ಅವನು ತನ್ನನ್ನು ಕೇಳಿಕೊಂಡ ಕುರುಹು ಕಾಣುವುದಿಲ್ಲ.

ಇನ್ನು ಲೀನ್‌ಹಾರ್ಡ್. ಸಟರನ ಸಂಸಾರವನ್ನು ಒಪ್ಪಿಸಿ ಅದೇ 1850ರಲ್ಲಿ ಅವನು ಕ್ಯಾಲಿಫೋರ್ನಿಯಾಕ್ಕೆ ಬೆನ್ನು ತಿರುಗಿಸಿದ. ಚಿನ್ನದ ನಾಡನ್ನು, ಗಳಿಸುವ ವಯಸ್ಸಿನಲ್ಲಿ. ಹುಟ್ಟೂರಿಗೆ ಬಂದು ಮರುವರ್ಷ ಬಿಲ್ಟನ್‌ನವಳೇ ಆದ ಎಲ್ಸ್‌ಬೆತ್ ಬ್ಲೂಮರಳನ್ನು ಮದುವೆಯಾದ. ಝೂರಿಕ್ ಸರೋವರದ ದಂಡೆಯ ಕಿಲ್ಷ್‌ಬರ್ಗ್‌ನಲ್ಲಿ ಮನೆ, ನೆಲ. ಅಲ್ಲಿಗೆ ಕಥೆ ಮುಗಿದಿದ್ದರೆ ದೂರ ಹೋಗಿ ಮರಳಿದ ಮಗನ ಕಥೆಯಾಗುತ್ತಿತ್ತು. ಮುಗಿಯಲಿಲ್ಲ. 1854ರಲ್ಲಿ ಅದನ್ನೂ ಬಿಟ್ಟು, ಹೆಂಡತಿ ಮಕ್ಕಳೊಡನೆ ಮತ್ತೆ ಅಮೆರಿಕಕ್ಕೆ ಹೊರಟ. ಮೊದಲು ವಿಸ್ಕಾನ್ಸಿನ್ನಿನ ಮ್ಯಾಡಿಸನ್, 1856ರಲ್ಲಿ ನಾವೂ. ಆಮೇಲೆ ಅಲ್ಲಿಂದ ಕದಲಲಿಲ್ಲ.

ಒಮ್ಮೆ ಊರು ಬಿಟ್ಟವನಿಗೆ ಊರು ಮತ್ತೆ ಹಿಡಿಸುವುದಿಲ್ಲ ಎಂಬುದು ನಿಜವಿರಬಹುದು. ಆದರೆ ಈ ಎರಡನೆಯ ಪಯಣ ಮೊದಲನೆಯದರ ಹಾಗಲ್ಲ. ಹಗುರವಾದ ಗಾಡಿಯ ಹುಡುಗ ಈಗ ಡಾನರ್ ತಂಡದವರ ಹಾಗೆ ಸಂಸಾರ ಹೊತ್ತು ಹೊರಟಿದ್ದ. ಎಲ್ಸ್‌ಬೆತ್ ಅಮೆರಿಕದ ಕನಸು ಕಂಡವಳೋ ಅಲ್ಲವೋ, ಅವಳ ಬರಹ ನಮ್ಮ ಮುಂದಿಲ್ಲ. ಸರೋವರದ ಬದಿಯ ಮನೆ ಮಾರಿ, ಕೂಸುಗಳನ್ನು ಕಟ್ಟಿಕೊಂಡು ಹಡಗು ಹತ್ತಿದವಳ ಕಡೆಯ ಮಾತು ಸಾವಿರ ಪುಟದಲ್ಲೂ ಸಿಗುವುದಿಲ್ಲ. ಸಟರನ ಹೆಂಡತಿಯ ಬಗ್ಗೆ ಅಷ್ಟು ಗಮನ ಕೊಟ್ಟು ಬರೆದವನು ಸ್ವಂತ ಹೆಂಡತಿಯ ಕಾಲ ಬರುವಷ್ಟರಲ್ಲಿ ಲೇಖನಿ ಕೆಳಗಿಟ್ಟ. ಇದು ಮರ್ಯಾದೆಯೋ, ಉದಾಸೀನವೋ? ಅವಳು ಅವನ ಕಥೆಯ ಪಾತ್ರವಾಗಿರಲಿಲ್ಲ, ಬರೆಯುವ ಮೇಜಿನಾಚೆಗೆ ಓಡಾಡುತ್ತಿದ್ದ ಜೀವವಾಗಿದ್ದಳು ಎಂದುಕೊಳ್ಳಲು ನನಗೆ ಇಷ್ಟ. ಗಂಡಸರ ಪರವಾಗಿ ಹೂಡುವ ವಾದಗಳಲ್ಲಿ ಇದೂ ಒಂದು ಎಂಬುದೂ ಗೊತ್ತಿದೆ.

ನಾವೂದಲ್ಲಿ ಅವನ ಸಂಸಾರ ನೆಲೆಸಿದ್ದು ಇಟ್ಟಿಗೆಯ ಗಟ್ಟಿ ಮನೆಯೊಂದರಲ್ಲಿ. ಅದನ್ನು ಕಟ್ಟಿಸಿದವನು ಮಾರ್ಮನ್ ಪಂಥದ ಮುಂದಾಳು ಹೀಬರ್ ಕಿಂಬಲ್. 1846ರಲ್ಲಿ ನೆರೆಹೊರೆಯವರ ಹಗೆಗೆ ಸಿಕ್ಕು ಮಾರ್ಮನ್ನರು ಸಾವಿರಗಟ್ಟಲೆ ಊರು ಬಿಟ್ಟಾಗ ಮನೆಗಳು ಕವಡೆ ಕಾಸಿಗೆ ಹೋದವು. ಅವರಿಗಿಂತ ಮೊದಲು ಅದೇ ನದಿಯ ತಿರುವಿನಲ್ಲಿ ಕ್ವಾಷ್ಕ್ವೇಮಾ ಎಂಬ ಸಾಕ್ ಬುಡಕಟ್ಟಿನ ಮುಖಂಡನ ಹಳ್ಳಿಯಿತ್ತು. 1804ರಲ್ಲಿ ಒಂದು ಒಪ್ಪಂದಕ್ಕೆ ಗುರುತು ಹಾಕಿಸಿಕೊಂಡು ಮಿಸಿಸಿಪ್ಪಿಯ ಈಚೆ ದಂಡೆಯನ್ನೆಲ್ಲ ಅವರಿಂದ ಬರೆಸಿಕೊಂಡರು. ಕೋಟೆಯ ಬೀಗ ಬಿಟ್ಟು ಬಂದವನು ನೆಮ್ಮದಿಯಿಂದ ಉಳಲು ಆರಿಸಿಕೊಂಡ ಮಣ್ಣು ಹೀಗೆ ಎರಡು ಸಲ ಬರಿದಾದ ಮಣ್ಣು. ಅವನು ಯಾರನ್ನೂ ಓಡಿಸಲಿಲ್ಲ, ಹಣ ಕೊಟ್ಟು ಕೊಂಡ. ಆ ಹಣದಲ್ಲಿ ಕ್ಯಾಲಿಫೋರ್ನಿಯಾದ ಚಿನ್ನವೂ ಸೇರಿತ್ತು. ರೈತನ ಬದುಕು ನಿಷ್ಪಾಪ ಎಂದು ಪೇಟೆಯಲ್ಲಿ ಕೂತವರು ಹಾಡಿ ಹೊಗಳುವುದುಂಟು. ನೆಲದ ಪಹಣಿಯನ್ನು ಎರಡು ತಲೆಮಾರು ಹಿಂದಕ್ಕೆ ಓದುವ ತಾಳ್ಮೆ ಇದ್ದರೆ ಆ ಹಾಡು ತುಸು ಮೆತ್ತಗಾಗುತ್ತದೆ. ಮಲೆನಾಡಿನ ತೋಟಗಳ ಪಹಣಿಗೂ, ಅಣೆಕಟ್ಟಿನ ಕೆಳಗಿನ ಗದ್ದೆಗಳ ಪಹಣಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಆ ಬರೆಯದ ವರ್ಷಗಳನ್ನು ಏನೆಂದು ಓದಬೇಕು? ಬಿತ್ತನೆ, ಕೊಯ್ಲು, ಬೆಲೆ ಬಿದ್ದ ವರ್ಷ, ಮಗುವಿಗೆ ಜ್ವರ ಬಂದ ರಾತ್ರಿ. ಒಂದು ವರ್ಷ ಇನ್ನೊಂದರ ಹಾಗೆಯೇ ಇರುತ್ತದೆ, ಹಾಗಿದ್ದರೆ ಅದೇ ಪುಣ್ಯ. ಬೇಸಾಯದಲ್ಲಿ ಕಥೆ ಹುಟ್ಟುವುದು ಕೆಟ್ಟಾಗ. ಬರ ಬಂದರೆ, ಹೊಳೆ ಉಕ್ಕಿದರೆ, ಸಾಲ ಕುತ್ತಿಗೆಗೆ ಬಂದರೆ ಮಾತ್ರ ರೈತ ಪತ್ರಿಕೆಯ ಮುಖಪುಟಕ್ಕೆ ಬರುತ್ತಾನೆ. ಬರೆಯಲು ಏನೂ ಇಲ್ಲದ ಐವತ್ತು ವರ್ಷ ಎಂದರೆ ಬಹುಶಃ ಅವನು ಖಂಡ ದಾಟಿ ಹುಡುಕಿದ್ದು ಸಿಕ್ಕಿತು ಎಂದೇ ಅರ್ಥ. ಅಪ್ಪನ ಹೊಲದಲ್ಲೂ ಸಿಗಬಹುದಾಗಿದ್ದದ್ದು ಅದೇ ಅಲ್ಲವೇ ಎಂದು ಕೇಳಬಹುದು. ಆ ಪ್ರಶ್ನೆಯನ್ನು ಇಪ್ಪತ್ತೊಂದರ ಹುಡುಗನಿಗೆ ಕೇಳಿ ಪ್ರಯೋಜನವಿಲ್ಲ.

ಇನ್ನೂ ಒಂದು ಓದು ನನಗೆ ಹೊಳೆಯುತ್ತದೆ. ಅದನ್ನು ರುಜುವಾತು ಮಾಡಲಾರೆ. ನೆಮ್ಮದಿಯ ಆ ವರ್ಷಗಳಲ್ಲಿ ಅವನು ಹಗಲು ಗೇಯುತ್ತ, ಬಿಡುವಿದ್ದಾಗ ಬೇರೆ ನಾಲ್ಕು ವರ್ಷಗಳನ್ನು ನೆನೆಯುತ್ತಿದ್ದ. ನೆಮ್ಮದಿ ಇದ್ದದ್ದರಿಂದಲೇ ಆ ನಾಲ್ಕು ವರ್ಷಗಳನ್ನು ನೇರವಾಗಿ ನೋಡಲಾಯಿತು. ಸಟರನಿಗೆ ಕಡೆಯವರೆಗೂ ಕೋರ್ಟು ಕಚೇರಿ ಅಲೆದಾಟ. ವಾದಿಯಾಗಿ ನಿಂತವನಿಗೆ ಸಾಕ್ಷಿಯಾಗಲು ಪುರುಸೊತ್ತಿರುವುದಿಲ್ಲ. ಲೀನ್‌ಹಾರ್ಡ್ ಯಾರಿಂದಲೂ ಏನನ್ನೂ ವಸೂಲಿ ಮಾಡಬೇಕಾಗಿರಲಿಲ್ಲ. ಕಂಡದ್ದನ್ನು, ಮಾಡಿದ್ದನ್ನು ಮಾಡಿದ ಹಾಗೇ ಹೇಳಲು ಹೊಟ್ಟೆ ತುಂಬಿದ ಆ ವರ್ಷಗಳು ಬೇಕಾಗಿದ್ದವೇನೋ.

ಅವನ ಬರಹವನ್ನು ಪರಿಚಯದವರೊಬ್ಬರು ಮೊಟಕುಮಾಡಿ 1898ರಲ್ಲಿ ಝೂರಿಕ್‌ನಲ್ಲಿ ಅಚ್ಚುಹಾಕಿಸಿದರು. 1903ರ ಡಿಸೆಂಬರ್‌ನಲ್ಲಿ ಅವನು ನಾವೂದಲ್ಲೇ ತೀರಿಕೊಂಡ. 1941ರಲ್ಲಿ ಸಟರ್ ಕೋಟೆಯ ಭಾಗ ಇಂಗ್ಲಿಷಿಗೆ ಬಂತು. ಹಸ್ತಪ್ರತಿ ಈಗ ಬರ್ಕ್‌ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿದೆ. ಸಟರನನ್ನು ಕ್ಯಾಲಿಫೋರ್ನಿಯಾದ ಪಿತಾಮಹನೆಂದು ಕೊಂಡಾಡಿದ ಕಾಲದಲ್ಲಿ ಲೀನ್‌ಹಾರ್ಡ್ ಒಬ್ಬ ಕಹಿಮನಸ್ಸಿನ ಹಳೆಯ ನೌಕರ, ಧಣಿಯ ಮೇಲೆ ಕೆಂಡ ಕಾರುವವ ಎಂದು ತಳ್ಳಿಹಾಕಿದವರೂ ಇದ್ದರು. ಧಣಿಗೂ ಅವನಿಗೂ ಹಣದ ತಕರಾರಿತ್ತು, ಸುಳ್ಳಲ್ಲ. ಆದರೆ ಧಣಿಯ ಹೆಸರು ಕೆಡಿಸಲು ಬರೆಯುವವನು ಬೀಗವನ್ನು ತನ್ನ ಕೈಗೆ ಯಾಕೆ ಕೊಟ್ಟುಕೊಳ್ಳುತ್ತಾನೆ?

2020ರ ಜೂನ್‌ನಲ್ಲಿ ಸ್ಯಾ​ಕ್ರಮೆಂಟೊದ ಆಸ್ಪತ್ರೆಯೊಂದರ ಮುಂದಿದ್ದ ಸಟರನ ಪ್ರತಿಮೆಯನ್ನು ಇಳಿಸಿದರು. ಅದು ಸರಿಯೋ ತಪ್ಪೋ ಎಂದು ವಾದ ನಡೆಯಿತು. ಆ ವಾದದಲ್ಲಿ ದೋಣಿಯ ಗಂಜಿಯ ಮಾತು, ಬೀಗ ಹಾಕಿದ ಕೋಣೆಯ ಮಾತು ಬಂದಾಗಲೆಲ್ಲ ಜನ ಆಧಾರಕ್ಕೆ ತೆಗೆಯುವ ಹಾಳೆಗಳಲ್ಲಿ ನಾವೂದ ರೈತನ ಹಾಳೆಯೂ ಒಂದು. ನಿಸೆನಾನ್ ಜನ ಇವತ್ತಿಗೂ ಇದ್ದಾರೆ. ಅಮೆರಿಕದ ಸರ್ಕಾರ ತಮ್ಮನ್ನು ಬುಡಕಟ್ಟೆಂದು ಮತ್ತೆ ಮನ್ನಿಸಬೇಕೆಂದು ನೆವಾಡಾ ಸಿಟಿ ಸೀಮೆಯ ನಿಸೆನಾನರು ಕೇಳುತ್ತಲೇ ಇದ್ದಾರೆ. ಅವರ ಅರ್ಜಿಗೂ ಕಾಂಗ್ರೆಸ್ಸಿನ ಬಾಗಿಲೇ ಗತಿ.